ಕಿಂಡಿಯೊಳಗಿನ ಕೈಗಳು

ಗುಬ್ಬಿಯ ಟಾಕೀಸೊಂದರಲ್ಲಿ ಗಂಗಹನುಮಕ್ಕ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ತೊಂಬತ್ತಾರರಲ್ಲಿ ಬೆಳಗಿನ ಆಟಕ್ಕೆ ‘ವಯಸ್ಕರಿಗೆ ಮಾತ್ರ’ ಸಿನಿಮಾಗಳು ಬಂದಮೇಲೆ ಆ ಕಿಂಡಿಗೂ ಗಂಡಸರೇ ಮುಗಿಬಿದ್ದರು. ಗುರುತು ಸಿಗದಂತೆ ಮುಖ ತಿರುಗಿಸಿ ಕೈಯಷ್ಟೇ ತೂರಿಸುತ್ತಿದ್ದರು. ಕೆಲವರು ಟಿಕೆಟ್ಟಿನ ಜೊತೆ ಅವಳ ಬೆರಳನ್ನೂ ಸವರಿ ಹೋಗುತ್ತಿದ್ದರು. ಬೈದು ಬೈದು ಸಾಕಾಗಿ ಅವಳು ಸುಮ್ಮನಾಗಿದ್ದಳು.

ಮಗಳು ಶಶಿರೇಖಾಳನ್ನು ನೋಡಲು ಕಡಬದಿಂದ ಗಂಡಿನವರು ಬಂದರು. ಹುಡುಗನ ಅಪ್ಪ ಹೇಳಿದ: “ಹುಡುಗಿ ಒಪ್ಗೆ. ಆದ್ರೆ ನಮ್ದು ಮರ್ಯಾದಸ್ತರ ಮನೆ ಕಣಮ್ಮ. ಅಂಥಾ ಸಿನಿಮಾಕ್ಕೆ ಟಿಕೆಟ್ ಕೊಡೋ ಕೆಲ್ಸ ನೀವು ಬುಡ್ಬೇಕು.”

ಉಪ್ಪಿಟ್ಟಿನ ತಟ್ಟೆಗೆ ಚಾಚಿದ ಅವನ ಕೈಯನ್ನು ಅವಳು ನೋಡಿದಳು. ಮಚ್ಚೇಟಿಗೆ ತುದಿ ಹಾರಿದ್ದ ಆ ಹೆಬ್ಬೆರಳನ್ನು ಕಿಂಡಿಯಲ್ಲಿ ಎಷ್ಟೋ ಸಲ ಕಂಡಿದ್ದಳು.

“ಬುಡ್ತೀನಿ ಸ್ವಾಮಿ, ನನಗೂ ಸಾಕಾಗೈತೆ. ಬೆಳಗಿನ ಆಟಕ್ಕೆ ಬರೋದು ನೀವು ಬುಡ್ತೀರಾ?”