ಎಡಗೈಗೆ ಬಳೆ

ನನ್ನ ಎಡಗೈ ಮಣಿಕಟ್ಟಿನಲ್ಲಿ ಒಂದು ನರ ಸದಾ ಝುಂಯ್ ಎನ್ನುತ್ತಿತ್ತು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ವೈದ್ಯರು ಅಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದರು. ಕೈ ಬಿಗಿದರೆ ಆ ಝೇಂಕಾರ ನಿಲ್ಲಬಹುದು; ನಿಂತರೆ ಆ ಕೈಯಿಂದ ಡಯಾಲಿಸಿಸ್ ಇಲ್ಲ. ಡಯಾಲಿಸಿಸ್ ಇಲ್ಲದೆ ನಾನಿಲ್ಲ. ಇದು ಗೊತ್ತಾದಂದಿನಿಂದ ಹೆದರಿಕೊಂಡೇ ಬದುಕಿದ್ದೇನೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ರೋಗವೂ ಬಂತು, ಜಗಳವೂ ಬಂತು. ಗದಗಿನ ಆಸ್ಪತ್ರೆಯಲ್ಲಿ ಯಾರಾದರೂ ಬಿಪಿ ಪಟ್ಟಿ ಹಿಡಿದು ಎಡಕ್ಕೆ ಬಂದರೆ "ಈ ಕೈಗೆ ಬ್ಯಾಡ್ರಿ" ಎಂದು ಗದರುತ್ತಿದ್ದೆ. ಪಕ್ಕದ ಹಾಸಿಗೆಯ ಮುದುಕನ ಪರವಾಗಿಯೂ ಬಾಯಿ ಮಾಡಿದ್ದುಂಟು; ಆತ ಪಾಪ, ಬಿಳಿ ಕೋಟು ಕಂಡರೆ ಸಾಕು, ಕೇಳಿದ ಕೈ ಚಾಚುತ್ತಿದ್ದ. "ಜಗಳಗಂಟಿ ಅಕ್ಕ ಬಂದ್ಲು" ಎಂದು ನರ್ಸುಗಳು ನಗುತ್ತಿದ್ದರು. ನಗಲಿ ಬಿಡಿ.

ಆ ಬಾಯಿ ಲಕ್ಷ್ಮೇಶ್ವರದಲ್ಲಿ ಬಿದ್ದುಹೋಯಿತು. ನಾದಿನಿಯ ಮಗಳ ಕುಬಸ, ಅಂದರೆ ಸೀಮಂತ. ಬಸುರಿಗೆ ಬಳೆ ಇಟ್ಟ ಮೇಲೆ ಮನೆಯ ಮುತ್ತೈದೆಯರಿಗೆಲ್ಲ ಹಸಿರು ಬಳೆ. ನಾನು ಬಲಗೈಗೆ ಇಡಿಸಿಕೊಂಡು ಎದ್ದೆ. ಬಳೆಗಾರ್ತಿ ನನ್ನ ಅತ್ತೆಯ ಮುಖ ನೋಡಿದಳು.

"ಡಾಕ್ಟರು ಎಡಗೈಗೆ ಬ್ಯಾಡ ಅಂದಾರ, ಅತ್ತಿ" ಎಂದೆ.

"ಮುತ್ತೈದಿ ಒಂದ ಕೈ ಬೋಳ ಇಟ್ಕೊಂಡು ಕುಬಸದ ಮನಿಯಾಗ ಅಡ್ಡಾಡಿದ್ರ ಮಂದಿ ಏನಂದಾರು? ನನ್ನ ಮಗಾ ಗಟ್ಟಿ ಅದಾನಲ್ಲ. ಊಟ ಆದ ಕೂಡ್ಲೆ ತಗದ್ರಾತು."

ಗಂಡನ ಆಯುಷ್ಯದ ಮಾತು ಬಂತು. ಕೈ ಕೊಟ್ಟೆ. ಬಳೆ ಬಿಗಿಯಾಗಿ ಕೂತಷ್ಟೂ ಬಳೆಗಾರ್ತಿಗೆ ಹೆಸರು. ಅವಳು ಮಣಿಕಟ್ಟು ತುಂಬ ಇಟ್ಟಳು.

ಪಂಕ್ತಿಯಲ್ಲಿ ಕೂತಾಗ ಕೈ ಭಾರವಾಯಿತು. ಮುಟ್ಟಿ ನೋಡಿದೆ, ಝುಂಯ್ ಇಲ್ಲ. ಕಿವಿಗೆ ಹಚ್ಚಿದೆ, ಗೋಡೆಗೆ ಕಿವಿ ಹಚ್ಚಿದ ಹಾಗಿತ್ತು.

"ಬಳಿ ಒಡದ ಹಾಕ್ರಿ" ಎಂದೆ. ಯಾರೂ ಮುಂದೆ ಬರಲಿಲ್ಲ. ತಾನಾಗಿ ಒಡೆದರೂ 'ಒಡೆಯಿತು' ಎನ್ನದೆ 'ಬಳೆ ಹೆಚ್ಚಿತು' ಎನ್ನುವವರು ನಾವು; ಬಸುರಿಯ ಎದುರು ಮುತ್ತೈದೆಯ ಬಳೆಗೆ ಕಲ್ಲು ಹಾಕುವವರು ಯಾರು? ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ತಲೆಗೊಂದು ಉಪಾಯ ಹೇಳಿದರು. ಅಷ್ಟರಲ್ಲಿ ಕೈ ಬಾತಿತು. ನಾನೇ ಒಡೆಯಲು ಹೋದರೆ ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು. "ಈ ಮನಿಯಾಗ ಬ್ಯಾಡವ್ವ. ಗದಗಿಗೆ ನಡಿ, ಅಲ್ಲೆ ತಗಸೂಣು."

ಗಂಡ ಕಾರು ತಂದರು. ದಾರಿಯುದ್ದಕ್ಕೂ ಬಳೆಗಳ ಕೆಳಗೆ ಬೆರಳು ತೂರಿಸಿ ತಡಕಿದೆ. ಪಕ್ಕದಲ್ಲಿ ಅತ್ತೆ ದೇವರನ್ನು ಕರೆಯುತ್ತಿದ್ದರು; ಅವರ ದನಿ ಕೇಳಿದರೇ ಮೈ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆ ಸುತ್ತಿ ಬಳೆ ಒಡೆದಳು. ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ವೈದ್ಯರು ಮಾಡುವುದೆಲ್ಲ ಮಾಡಿದರು, ಝೇಂಕಾರ ಮರಳಲಿಲ್ಲ. ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದರು.

"ಈ ಕೈಯಾಗ ಬ್ಯಾರೆ ಛಲೋ ನರ ಇಲ್ಲ. ಬಲಗೈ ಒಂದ ಉಳದೈತಿ, ಅದರಾಗೂ ನರ ಸಣ್ಣ ಅದಾವ" ಎಂದರು ವೈದ್ಯರು. "ಹೆಂಗಾತ್ರಿ ಇದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನಾನ ಬಳಿ ಇಡಿಸಿದ್ನಿರಿ."

ಬಲಗೈ ಆಪರೇಷನ್ನಿನ ದಿನ ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, ಆ ಕೈಯಲ್ಲಿದ್ದ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದರು. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. ಅತ್ತೆ ಮಗನ ಕಡೆ ನೋಡಲಿಲ್ಲ. ನನ್ನ ಎರಡೂ ಬೋಳು ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಇದೂ ಕೂಡಲಿಲ್ಲ ಅಂದ್ರ, ಅತ್ತಿ?"

ಅವರು ನನ್ನ ಬಲ ಮಣಿಕಟ್ಟು ಸವರುತ್ತ, "ಗೊತ್ತಿಲ್ಲವ್ವ" ಎಂದರು.