ಆಕಳಿಕೆ ಬಂದಲ್ಲಿ ಗೆರೆ

ಬೆಳಗಿನ ಆರು ಗಂಟೆ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಕರಡಮ್ಮ ಕೂತಿದ್ದಾರೆ. ಕೈಯಲ್ಲೊಂದು ಪೆನ್ಸಿಲ್, ತುರುಬಿನಲ್ಲೊಂದು. ಅಚ್ಚಿಗೆ ಹೋಗಬೇಕಾದ ಕಾದಂಬರಿಗಳ ಕರಡು ತಿದ್ದುವುದು ಅವರ ಕೆಲಸ. ಓದುತ್ತ ಆಕಳಿಕೆ ಬಂದರೆ ಅಲ್ಲೊಂದು ಗೆರೆ ಎಳೆಯುತ್ತಾರೆ. ಆ ಗೆರೆ ಹೆಚ್ಚಾಗಿ ಬೀಳುವುದು ಕಥೆಯೊಳಗಿನ ಗುರುಗಳ ಮಾತಿನ ಪಕ್ಕದಲ್ಲೇ.

ಮೂವತ್ತೊಂದು ವರ್ಷದ ಕೆಲಸ, ದಿನಕ್ಕೆ ನಲವತ್ತು ಪುಟ. ಅವರು ಇಲ್ಲಿಗೆ ಮೊದಲು ಪುಸ್ತಕ ಹೊಲಿಯಲು ಬಂದವರು, ಹೊಲಿಯುವುದು ಬಿಟ್ಟು ಓದುತ್ತ ಕೂತು ಬೈಸಿಕೊಂಡವರು. ಬೈದ ಮಾಲೀಕರೇ ಕೊನೆಗೆ ಕೈಗೆ ಪೆನ್ಸಿಲ್ ಕೊಟ್ಟರು. ಒಂದು ಕಣ್ಣಿಗೆ ಪೊರೆ ಬಂದಾಗ ಇನ್ನೊಂದರಲ್ಲಿ ಓದಿದ್ದಾರೆ. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ.

"ಬರೆಯೋರಿಗೆ ಗುರು ಅಂದ್ರೆ ಪ್ರೀತಿ ಜಾಸ್ತಿ. ಎಲ್ಲಾನೂ ಅವರ ಕೈಲೇ ಮಾಡಿಸಿಬಿಡ್ತಾರೆ. ಪಾಪ, ಶಿಷ್ಯರಿಗೆ ಮಾಡೋಕೆ ಏನು ಉಳಿಯುತ್ತೆ?" ಎನ್ನುತ್ತಾರೆ.

ಇವತ್ತು ಮೇಜಿನ ಮೇಲಿರುವುದು ಸಿಟಿ ಬಸ್ಸು ಓಡಿಸುವ ಹೆಣ್ಣುಮಗಳೊಬ್ಬಳ ಮೊದಲ ಕಾದಂಬರಿ. ಕೊನೆ ಸಪ್ಪೆ ಎಂದು ಇಬ್ಬರು ಪ್ರಕಾಶಕರು ಹಿಂದಿರುಗಿಸಿದ್ದರು. ಕೊನೆ ಸರಿಹೋಯಿತೆಂದು ಕರಡಮ್ಮ ಹೇಳಿದರೆ ಮಾತ್ರ ಅಚ್ಚು ಹಾಕುತ್ತೇನೆಂದು ಮೂರನೆಯವರು ಕೊಟ್ಟ ಗಡುವು ಇವತ್ತೇ. ಕಥೆಯಲ್ಲಿ ಬಡಗಿ ಕೆಲಸ ಕಲಿಯುವ ಹುಡುಗಿ ತನ್ನ ಮೊದಲ ಬಾಗಿಲು ಕೂರಿಸುತ್ತಾಳೆ. ಅದು ಮುಚ್ಚುವುದಿಲ್ಲ. ಕಲಿಸಿದ ಅಜ್ಜಿ ಬಂದು ಎರಡು ಪುಟ ಉಪದೇಶ ಮಾಡಿ, ತಾನೇ ಸರಿಮಾಡಿಬಿಡುತ್ತಾಳೆ.

ಹೋದ ವಾರ ಕರಡಮ್ಮ ಅಂಚಿನಲ್ಲಿ ಬರೆದದ್ದು ಒಂದೇ ಸಾಲು: 'ಆ ದಿನ ಅಜ್ಜಿ ಎಲ್ಲಿಗಾದರೂ ಹೋಗಿರಬಾರದೇ?' ಮುಂದೇನಾಗಬೇಕೆಂಬುದೂ ಅವರ ನಾಲಿಗೆಯ ತುದಿಗೇ ಬಂದಿತ್ತಂತೆ. "ಹೇಳಿದ್ರೆ ನಾನೂ ಆ ಅಜ್ಜಿನೇ ಆಗ್ತಿದ್ದೆ," ಎಂದು ನಗುತ್ತಾರೆ.

ಏಳು ಗಂಟೆಗೆ ಡ್ರೈವರಮ್ಮ ಸಮವಸ್ತ್ರದಲ್ಲೇ ಹೊಸ ಪುಟಗಳನ್ನು ಹಿಡಿದು ಬರುತ್ತಾಳೆ. ಎಂಟಕ್ಕೆ ಅವಳ ಬಸ್ಸು ಹೊರಡಬೇಕು. ನಿಂತೇ ಇರುತ್ತಾಳೆ, ಕೂರುವುದಿಲ್ಲ.

ಕರಡಮ್ಮ ಓದುತ್ತಾರೆ. ಅಜ್ಜಿ ಹಲ್ಲುನೋವೆಂದು ಆಸ್ಪತ್ರೆಗೆ ಹೋಗಿದ್ದಾಳೆ. ಹುಡುಗಿ ಬಾಗಿಲನ್ನು ಮೂರು ಸಲ ಇಳಿಸುತ್ತಾಳೆ, ಅಳುತ್ತಾಳೆ, ಅಂಚು ಕೀಸುತ್ತಾಳೆ. ನಾಲ್ಕನೆಯ ಸಲ ಅದು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಸಂಜೆ ಬಂದ ಅಜ್ಜಿ ಒಮ್ಮೆ ತೆರೆದು, ಒಮ್ಮೆ ಮುಚ್ಚಿ, ತನ್ನ ತುರುಬಿನ ಪೆನ್ಸಿಲ್ ತೆಗೆದು ಹುಡುಗಿಯ ಕೈಗಿಡುತ್ತಾಳೆ. ಆ ಎರಡು ಪುಟದ ಉಪದೇಶ ಈಗಿಲ್ಲ.

ಕರಡಮ್ಮನಿಗೆ ಆಕಳಿಕೆ ಬರುವುದಿಲ್ಲ, ಕಣ್ಣು ತುಂಬಿ ಬರುತ್ತದೆ. ಹಳೆಯ ಕರಡಿನ ಅಜ್ಜಿಗೆ ತುರುಬೂ ಇರಲಿಲ್ಲ, ಪೆನ್ಸಿಲೂ ಇರಲಿಲ್ಲ. ಕರಡಮ್ಮನ ಕೈ ತಾನಾಗಿ ತಮ್ಮ ತುರುಬಿನ ಪೆನ್ಸಿಲ್ಲಿಗೆ ಹೋಗುತ್ತದೆ.

"ಕಥೆಯಿಂದ ಆ ಪೆನ್ಸಿಲ್ ತೆಗೆದುಬಿಡ್ಲಾ ಅಮ್ಮಾ?" ಡ್ರೈವರಮ್ಮ ಅಂಜುತ್ತಲೇ ಕೇಳುತ್ತಾಳೆ.

"ಬೇಡ, ಇರ್ಲಿ ಬಿಡು. ಇಷ್ಟು ವರ್ಷ ಪುಸ್ತಕದ ಹೊರಗೇ ಇದ್ದೆ. ಒಂದರೊಳಗೆ ನನ್ನ ಪೆನ್ಸಿಲ್ಲಾದ್ರೂ ಇರ್ಲಿ."