ಗೋಡೆ ನೋಡುತ್ತಿದ್ದ ಅತ್ತಿಗೆ

ನಮ್ಮದು ಪರದೆ ಹೊಲಿಯುವ ಅಂಗಡಿ. ಲೆಕ್ಕಪತ್ರ ದೊಡ್ಡಣ್ಣನದು, ಕತ್ತರಿ ಚಿಕ್ಕಣ್ಣನದು, ಅಂಚು ಮಡಚುವುದು ನನ್ನದು. ಉಳಿದದ್ದೆಲ್ಲ ಚಿಕ್ಕಣ್ಣನ ಹೆಂಡತಿಯದು, ಅಂದರೆ ಅಂಗಡಿ ನಡೆಯುತ್ತಿದ್ದದ್ದೇ ಅತ್ತಿಗೆಯಿಂದ. ಅಂಗಡಿಗೊಂದು ಇಮೇಲ್ ಖಾತೆ ತೆರೆದು, ಹೋಟೆಲಿನವರಿಗೆ ಬಟ್ಟೆಯ ಫೋಟೋ ಕಳಿಸಿ, ಚೌಕಾಸಿ ಮಾಡಿ ಆರ್ಡರ್ ತಂದವಳು ಅವಳು. ಹೊಗಳಿಕೆ ಮಾತ್ರ ದೊಡ್ಡಣ್ಣನಿಗೆ. ನನಗೆ ಮೈ ಉರಿಯುತ್ತಿತ್ತು. ಅವಳು ನಕ್ಕುಬಿಡುತ್ತಿದ್ದಳು.

ಕಳೆದ ವರ್ಷ ಒಂದು ಬೆಳಿಗ್ಗೆ ಅವಳ ಪಾಸ್‌ವರ್ಡನ್ನು ಕಂಪ್ಯೂಟರ್ ಒಪ್ಪಲಿಲ್ಲ. "ಕಳ್ಳರ ಕಾಟ ಜಾಸ್ತಿಯಾಗಿದೆಯಮ್ಮ, ಬದಲಾಯಿಸಿದೀನಿ. ನಾನೇ ಹಾಕಿಕೊಡ್ತೀನಿ, ನಿಂಗ್ಯಾಕೆ ತಲೆನೋವು?" ಅಂದ ದೊಡ್ಡಣ್ಣ. ಅಂದಿನಿಂದ ಮೇಲ್ ತೆರೆದಾಗಲೆಲ್ಲ ಪಾಸ್‌ವರ್ಡ್ ಕೇಳುವುದು, ಅವಳು ಅವನನ್ನು ಕರೆಯುವುದು. ಅವನು ಎಡಗೈ ಅಡ್ಡ ಹಿಡಿದು ಬಲಗೈಯಲ್ಲಿ ಒತ್ತುವನು. ಆಗ ಅತ್ತಿಗೆ ಮುಖ ತಿರುಗಿಸಿ ಗೋಡೆ ನೋಡುವಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಹಿರಿಯರು ಗುಟ್ಟಾಗಿ ಏನೋ ಮಾಡುವಾಗ ಇಣುಕಬಾರದು ಎಂಬ ಮರ್ಯಾದೆ ಅವಳದು. ಮುಗಿದ ಮೇಲೆ "ನಿಮಗೆ ದಿನಾ ತೊಂದರೆ ಭಾವ" ಎಂದು ಬೇರೆ ಹೇಳುತ್ತಿದ್ದಳು.

ಮೊನ್ನೆ ಹೊಸ ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದ. ಕಿಟಕಿಗಳ ಅಳತೆ ಮೇಲ್ ಮಾಡಿದೀನಿ, ಸಂಜೆಯೊಳಗೆ ಮೇಲ್‌ನಲ್ಲೇ ದರ ತಿಳಿಸದಿದ್ದರೆ ಬೇರೆಯವರಿಗೆ ಕೊಡ್ತೀನಿ ಎಂದ. ಅತ್ತಿಗೆ ತಿಂಗಳುಗಟ್ಟಲೆ ಬೆನ್ನುಬಿದ್ದಿದ್ದ ಆರ್ಡರ್ ಅದು. ದೊಡ್ಡಣ್ಣ ಹೊರಗೆ ಹೋಗಿದ್ದ. ಫೋನಿನಲ್ಲಿ "ಪಾಸ್‌ವರ್ಡೆಲ್ಲ ಫೋನಲ್ಲಿ ಹೇಳೋದಲ್ಲ, ಬರ್ತೀನಿ ಇರು" ಅಂದ. ಬರಲಿಲ್ಲ. ಮಧ್ಯಾಹ್ನ ಅವಳ ಮುಖ ನೋಡಲಾರದೆ ಪಕ್ಕದ ಬೀದಿಯ ರಿಪೇರಿಯವನನ್ನು ನಾನೇ ಕರೆತಂದೆ. ಚಿಕ್ಕಣ್ಣ ಕತ್ತರಿ ಹಿಡಿದು ಅಲ್ಲೇ ಇದ್ದ, ತಲೆ ಎತ್ತಲಿಲ್ಲ.

"ಇದರಲ್ಲಿ ಏನೂ ಕೆಟ್ಟಿಲ್ಲ ಮೇಡಂ," ಅಂದ ರಿಪೇರಿಯವನು. "ಪಾಸ್‌ವರ್ಡ್ ನೆನಪಿಟ್ಕೋ ಅಂತ ಇಲ್ಲಿ ಒಂದು ಗುರುತು ಹಾಕಿದ್ರೆ ಮತ್ತೆ ಕೇಳೋದೇ ಇಲ್ಲ. ಯಾರೋ ಬೇಕಂತಲೇ ಆ ಗುರುತು ತೆಗೆದಿದಾರೆ."

"ಹೊಸ ಪಾಸ್‌ವರ್ಡ್ ಹಾಕೋಕೆ ಬರುತ್ತಾ?"

"ಬರುತ್ತೆ. ನಿಮ್ಮ ಫೋನಿಗೆ ಕೋಡ್ ಬರುತ್ತೆ, ಹೇಳಿ."

ಫೋನ್ ಅಂಗೈಯಲ್ಲಿಟ್ಟುಕೊಂಡು ಕಾದಳು. ಬರಲಿಲ್ಲ. ಕೋಡ್ ಹೋದ ನಂಬರಿನ ಕೊನೆಯ ಅಂಕಿಗಳನ್ನು ಅವನು ತೋರಿಸಿದ. ದೊಡ್ಡಣ್ಣನ ಮಗನ ನಂಬರ್. ಓದು ಮುಗಿಸಿ ಮನೆಯಲ್ಲಿ ಕೂತಿದ್ದಾನಲ್ಲ, ಆ ಕುಮಾರ ಕಂಠೀರವ. ಅತ್ತಿಗೆಗೆ ಅರ್ಥವಾಯಿತು. ಅವಳ ಕುರ್ಚಿಗೆ ಆಗಲೇ ಆಳು ನಿಗದಿಯಾಗಿತ್ತು, ಹೇಳುವ ಧೈರ್ಯ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ದೊಡ್ಡಣ್ಣ ಬಂದಾಗ ದೀಪ ಹಚ್ಚಿದ್ದೆವು. "ಟ್ರಾಫಿಕ್ಕು ನೋಡು" ಎನ್ನುತ್ತಾ ಕೂತ, ಎಡಗೈ ಅಡ್ಡ ಇಟ್ಟ. ಅತ್ತಿಗೆ ಗೋಡೆ ನೋಡಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತ ನಿಂತಳು.

"ಆ ಕಡೆ ತಿರುಗಮ್ಮ."

"ಯಾಕೆ ಭಾವ?"

ಒಂದಕ್ಷರ ಒತ್ತಲಿಲ್ಲ ಆ ಪುಣ್ಯಾತ್ಮ. ಕಂಪ್ಯೂಟರ್ ಆರಿಸಿ ಎದ್ದ. "ನಾಳೆಯಿಂದ ಇದನ್ನ ಮಗ ನೋಡ್ಕೋತಾನೆ. ನೀನು ಹೊಲಿಗೆ ಕಡೆ ಗಮನ ಕೊಡು." ಹೋಟೆಲಿನ ಆರ್ಡರ್ ಹೋದರೆ ಹೋಗಲಿ, ಅವಳು ನೋಡಬಾರದು. ನನ್ನ ಒಡಹುಟ್ಟಿದವನು ಇಷ್ಟು ಸಣ್ಣವನೆಂದು ನನಗೆ ನಾಚಿಕೆಯಾಯಿತು.

ಅವನು ಹೋದ ಮೇಲೆ ಅತ್ತಿಗೆ ಆ ಕುರ್ಚಿಯಲ್ಲೇ ಕುಸಿದಳು. ಚಿಕ್ಕಣ್ಣ ಕತ್ತರಿ ಕೆಳಗಿಟ್ಟು ಹತ್ತಿರ ಬಂದ. ಅವಳ ಹೆಗಲ ಮೇಲೆ ಕೈಯಿಟ್ಟ. ನನಗೆ ಒಂದು ಕ್ಷಣ ಖುಷಿಯಾಯಿತು, ಈಗಲಾದರೂ ಗಂಡಸಾದನಲ್ಲ ಅಂತ.

"ಅಳಬೇಡ ಕಣೇ," ಅಂದ ಪಿಸುದನಿಯಲ್ಲಿ. "ಪಾಸ್‌ವರ್ಡ್ ನಂಗೊತ್ತು. ಬದಲಾಯಿಸಿದ ದಿನಾನೇ ಅಣ್ಣ ಹೇಳಿದ್ದ, ನಿಂಗೆ ಹೇಳಬೇಡ ಅಂದಿದ್ದ. ಹೇಳ್ಲಾ?"

ಅತ್ತಿಗೆ ಅವನನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸಿ, ವರ್ಷವಿಡೀ ನೋಡಿದ್ದ ಅದೇ ಗೋಡೆ ನೋಡಿದಳು.

"ಬೇಡ," ಅಂದಳು. "ನೀವೇ ಇಟ್ಕೊಳ್ಳಿ."